ಗಣಕವಿದ್ಯೆಯಿಂದ ಹಣಕಾಸಿನ ಕಾಯಕಕ್ಕೆ

ಕಂಪ್ಯೂಟರ್ ಇಂಜಿನಿಯರಿಂಗ್ ಓದಿದ ಮಗ ಬ್ಯಾಂಕಿನ ಕೆಲಸಕ್ಕೆ ಹೋದರೆ ನಾಲ್ಕು ವರ್ಷಗಳ ಓದು ನೀರಿನಲ್ಲಿ ಹೋಮ ಮಾಡಿದಂತಾಗುವುದಿಲ್ಲವೆ? ಈಚಿನ ವರ್ಷಗಳಲ್ಲಿ ಸದ್ಭಕ್ತರ ಮನೆಗಳಿಗೆ ಹೋದಾಗಲೆಲ್ಲ ನಮಗೆ ಈ ಪ್ರಶ್ನೆ ಎದುರಾಗುತ್ತಿದೆ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ವ್ಯಾಕರಣಗಳನ್ನು ಓದಿದ ನಮ್ಮನ್ನು ಇದರ ವಿಚಾರ ಕೇಳುವುದು ಸೋಜಿಗವೇ ಸರಿ. ಆದರೂ ಒಂದು ಮಾತು ನಮ್ಮ ಓದಿನ ಪರಿಧಿಯೊಳಗೇ ಇದೆ. ಕಂಪ್ಯೂಟರಿಗೆ ನಾವು ಕೊಟ್ಟಿರುವ ಹೆಸರು ‘ಗಣಕ’. ಅಮರಕೋಶದಲ್ಲಿ ಗಣಕನೆಂದರೆ ಜ್ಯೋತಿಷಿ. ಲೆಕ್ಕ ಬರೆಯುವವನೆಂಬ ಅರ್ಥವೂ ಆ ಪದಕ್ಕೆ ಹಳೆಯದೇ. ಯಂತ್ರಕ್ಕೆ ಲೆಕ್ಕಿಗನ ಹೆಸರಿಟ್ಟು, ಅದನ್ನು ಕಲಿತವನು ಲೆಕ್ಕಕ್ಕೆ ಬಂದರೆ ದಾರಿ ತಪ್ಪಿದನೆನ್ನುವುದು ಹೇಗೆ?

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಮಾರ್ಗದಲ್ಲಿರುವ ಸಕ್ರೆಬೈಲನ್ನು ಹೊರಗಿನವರು ಬಲ್ಲುದು ಆನೆಬಿಡಾರದಿಂದ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಬೆಳಗಿನ ಹೊತ್ತು ಆನೆಗಳ ಮಜ್ಜನವನ್ನು ನೋಡಲು ಬರುವ ಜನಕ್ಕೆ ಲೆಕ್ಕವಿಲ್ಲ. ಅಲ್ಲಿಯ ಒಂದು ಅಡಿಕೆ ತೋಟದ ಮನೆಗೆ ಇಷ್ಟಲಿಂಗಪೂಜೆಯ ನಿಮಿತ್ತ ಹೋಗಿದ್ದೆವು. ಪ್ರಸಾದವಾದ ಮೇಲೆ ಯಜಮಾನರು ಮಗನನ್ನು ಎದುರಿಗೆ ಕೂರಿಸಿ, “ಶಾಸ್ತ್ರಿಗಳೇ, ಇವನಿಗೆ ನೀವಾದರೂ ಬುದ್ಧಿ ಹೇಳಿ. ಸಾಲ ಮಾಡಿ ಓದಿಸಿದೆ. ಬೆಂಗಳೂರಿನ ಕೆಲಸ ಬಿಡುತ್ತಾನಂತೆ” ಎಂದರು. ಹುಡುಗ ಶಿವಮೊಗ್ಗದಲ್ಲೇ ಪದವಿ ಪಡೆದು ಮೂರು ವರ್ಷ ದುಡಿದಿದ್ದವನು. ಈಗ ಬ್ಯಾಂಕ್ ಅಧಿಕಾರಿಗಳ ಪರೀಕ್ಷೆಗೆ ಓದುತ್ತಿದ್ದನು.

ಕಾರಣ ಕೇಳಿದೆವು. ಅವನ ಕೆಲಸ ಬ್ಯಾಂಕುಗಳು ಬಳಸುವ ಸಾಲದ ತಂತ್ರಾಂಶವನ್ನು ಪರೀಕ್ಷಿಸುವುದಾಗಿತ್ತು. “ಅರ್ಜಿ ಒಳಗೆ ಹೋಗುತ್ತದೆ, ಮಂಜೂರು ಅಥವಾ ತಿರಸ್ಕೃತ ಎಂದು ಹೊರಗೆ ಬರುತ್ತದೆ. ನಡುವೆ ಏನಾಗುತ್ತದೆಂದು ತಿಳಿಯಬೇಕೆನಿಸಿತು, ಗುರುಗಳೇ” ಎಂದನು. ನಮಗೆ ಈ ಉತ್ತರ ಮೆಚ್ಚುಗೆಯಾಯಿತು. ನಾವು ವಿದ್ಯಾರ್ಥಿಗಳಾಗಿದ್ದಾಗ ಮಠದ ಕಿರ್ದಿ ಪುಸ್ತಕ ಬರೆಯುವ ಸರದಿ ಬರುತ್ತಿತ್ತು. ದಾಸೋಹಕ್ಕೆ ಬಂದ ಅಕ್ಕಿ, ಬೇಳೆ, ಕಾಣಿಕೆ, ಖರ್ಚಾದದ್ದು, ಉಳಿದದ್ದು. ಒಂದು ಸೇರು ತಾಳೆಯಾಗದಿದ್ದರೆ ಹಿರಿಯರು ಮಲಗಲು ಬಿಡುತ್ತಿರಲಿಲ್ಲ. ಜಮೆಗೆ ಎದುರಾಗಿ ಖರ್ಚು ನಿಲ್ಲಲೇಬೇಕೆಂಬ ಈ ಶಿಸ್ತು, ಒಂದು ಸಾಲು ತಪ್ಪಿದರೆ ನಡೆಯದೆ ನಿಲ್ಲುವ ಗಣಕದ ಕ್ರಮವಿಧಿಗೆ ದೂರದ್ದಲ್ಲ.

ಯಂತ್ರಶಾಸ್ತ್ರ ಬಲ್ಲವರು ಹಣಕಾಸಿಗೆ ಬಂದದ್ದು ಹೊಸ ಸಂಗತಿಯೂ ಅಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರು ಅಣೆಕಟ್ಟುಗಳ ಇಂಜಿನಿಯರರು. ಅವರ ನೇತೃತ್ವದ ಬ್ಯಾಂಕಿಂಗ್ ಸಮಿತಿಯ ಪ್ರೇರಣೆಯಿಂದಲೇ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಅದು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತೆಂಬುದು ನಮ್ಮಂಥ ಹಳಬರಿಗೆ ಇನ್ನೂ ನೋವು. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ಕೆ.ವಿ. ಕಾಮತರು 1971ರಲ್ಲಿ ಐಸಿಐಸಿಐ ಸೇರಿ ಅದರ ಮುಖ್ಯಸ್ಥರಾದರು; 2015ರಲ್ಲಿ ಬ್ರಿಕ್ಸ್ ರಾಷ್ಟ್ರಗಳ ಹೊಸ ಅಭಿವೃದ್ಧಿ ಬ್ಯಾಂಕಿನ ಪ್ರಥಮ ಅಧ್ಯಕ್ಷರೂ ಆದರು. ಬಸವಣ್ಣನವರು ಮಂಗಳವೇಢೆಯಲ್ಲಿ ಕರಣಿಕರಾಗಿ, ಕಲ್ಯಾಣದಲ್ಲಿ ಭಂಡಾರಿಗಳಾಗಿದ್ದರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳಿದರೂ ಯಜಮಾನರ ಮುಖ ಅರಳಲಿಲ್ಲ. ಕೆದಕಿದಾಗ ನಿಜವಾದ ಭಯ ಹೊರಬಿತ್ತು: ‘ಹಣಕಾಸು’ ಎಂದರೆ ಮೊಬೈಲಿನಲ್ಲಿ ಆಡುವ ಷೇರಿನ ಆಟವೆಂದು ಅವರು ತಿಳಿದಿದ್ದರು. ಭಯ ನಿರಾಧಾರವಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಸಾಮಾನ್ಯರಲ್ಲಿ 100ಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ನಷ್ಟವನ್ನೇ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮಿಗಿಲು. ಗಣಕ ಬಲ್ಲ ತರುಣರಿಗೆ ತಮ್ಮ ಸೂತ್ರವೊಂದು ಪೇಟೆಯನ್ನು ಗೆದ್ದೀತೆಂಬ ಭ್ರಮೆ ಬೇಗ ಹಿಡಿಯುತ್ತದೆ. ಅದು ಕಾಯಕವಲ್ಲ, ಜೂಜು. ಹುಡುಗನ ಬಾಯಿಂದಲೇ ಈ ಮಾತನ್ನು ತಂದೆಗೆ ಕೇಳಿಸಿದೆವು.

ದಾರಿಗಳೇನೋ ಹಲವಿವೆ. ಸರಕಾರಿ ಬ್ಯಾಂಕುಗಳ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ಯಾವ ಪದವಿಯಾದರೂ ಸಾಕು, ವಯಸ್ಸು ಮಾತ್ರ 20ರಿಂದ 30ರೊಳಗಿರಬೇಕು. ಕಂಪ್ಯೂಟರ್ ಓದಿದವರಿಗೆಂದೇ ಐಟಿ ಅಧಿಕಾರಿಯ ಹುದ್ದೆ ಬೇರೆಯಿದೆ. ಆದರೆ ಈ ಹುಡುಗನಿಗೆ ಮತ್ತೆ ಯಂತ್ರದ ಮುಂದೆ ಕೂರುವ ಮನಸ್ಸಿರಲಿಲ್ಲ, ಸಾಲ ಕೊಡುವ ಮೇಜೇ ಬೇಕಿತ್ತು.

ಅಲ್ಲಿಯೇ ನಾವು ಅವನನ್ನು ಸ್ವಲ್ಪ ತಡೆದು ಕೇಳಿದೆವು. ಸಾಲಗಾರನ ಯೋಗ್ಯತೆಯನ್ನು ಇಂದು 300ರಿಂದ 900ರವರೆಗಿನ ಒಂದು ಅಂಕ ಹೇಳುತ್ತದೆ. ತಿಂಗಳ ಸಂಬಳದವನಿಗೆ ತಿಂಗಳ ಕಂತು ಹೊಂದುತ್ತದೆ. ಅಡಿಕೆಯವನಿಗೆ? ಮಳೆಗಾಲವಿಡೀ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚು, ಅದರ ಮೇಲೆ ಈಚಿನ ಎಲೆಚುಕ್ಕಿ ರೋಗ. ಕೊನೆ ತೆಗೆದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲಷ್ಟೇ ಕೈಗೆ ಹಣ. ನಿಯಮವೂ ಇದನ್ನು ಅರಿತಿದೆ: ಸಾಮಾನ್ಯ ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ಅದು ಅನುತ್ಪಾದಕ ಸಾಲ, ಬೆಳೆಸಾಲಕ್ಕಾದರೋ ಎಣಿಕೆ ಬೆಳೆಯ ಹಂಗಾಮಿನದು. ಆದರೆ ಬೆಳೆಸಾಲವನ್ನು ಬಿಟ್ಟು ಮಗಳ ಮದುವೆಗೆ ಬೇರೆ ಸಾಲ ಪಡೆದ ರೈತನಿಗೆ ಆ ರಕ್ಷೆಯಿಲ್ಲ. ಆ ಅರ್ಜಿಯ ಹಿಂದೆ ತೋಟವಿದೆಯೆಂದು ಅಂಕಕ್ಕೆ ಕಾಣದು, ಮೇಜಿನಲ್ಲಿ ಕುಳಿತವನಿಗೆ ಕಾಣಬೇಕು.

“ನಿಮ್ಮ ತಂದೆಯ ಅರ್ಜಿಯೇ ನಿನ್ನ ಮುಂದೆ ಬಂದರೆ?” ಎಂದು ಕೇಳಿದೆವು. ಹುಡುಗ ತಡಮಾಡಿ, “ಮೊದಲು ಮಂಡಿಯ ಪಟ್ಟಿ ತರಿಸಿ ನೋಡುತ್ತೇನೆ. ಸಾಲದಷ್ಟು ಆದಾಯವಿಲ್ಲದಿದ್ದರೆ ಇಲ್ಲವೆಂದೇ ಹೇಳುತ್ತೇನೆ” ಎಂದನು. ತಂದೆ ಆ ದಿನ ಮೊದಲ ಬಾರಿಗೆ ನಕ್ಕರು. ತಾಯಿ ಮಾತ್ರ ಬಾಗಿಲ ಬಳಿ ನಿಂತು, ಆಯ್ಕೆಯಾದರೆ ಯಾವ ರಾಜ್ಯಕ್ಕೆ ಹಾಕುತ್ತಾರೆಂದು ಕೇಳುತ್ತಿದ್ದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.