ಮನೆಯೊಳಗೆ ಬಂದ ಮಾರ್ಜಾಲ

ಸಂಸ್ಕೃತದಲ್ಲಿ ಬೆಕ್ಕಿಗೆ ಮಾರ್ಜಾರ, ಮಾರ್ಜಾಲ ಎಂಬ ಹೆಸರುಗಳಿವೆ. ಮೃಜ್ ಎಂಬ ಧಾತುವಿಗೆ ಉಜ್ಜು, ಒರೆಸು, ಶುಚಿಗೊಳಿಸು ಎಂದು ಅರ್ಥ. ಸದಾ ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುವುದರಿಂದ ಅದು ಮಾರ್ಜಾಲ. ಅಮರಸಿಂಹನು ತನ್ನ ಕೋಶದಲ್ಲಿ ಅದೇ ಪ್ರಾಣಿಗೆ ಆಖುಭುಕ್ ಎಂಬ ಮತ್ತೊಂದು ಹೆಸರನ್ನೂ ಹೇಳಿದ್ದಾನೆ. ಎಂದರೆ ಇಲಿಯನ್ನು ತಿನ್ನುವುದು. ಈ ಎರಡು ಹೆಸರುಗಳಲ್ಲಿ ಮೊದಲನೆಯದನ್ನು ನಮ್ಮ ಮನೆಯವರೆಲ್ಲರೂ ಸಂತೋಷದಿಂದ ಒಪ್ಪಿದರು. ಎರಡನೆಯದು ಮಾತ್ರ ನಮ್ಮಲ್ಲಿ ಎರಡು ವಾರಗಳ ಚರ್ಚೆಗೆ ಕಾರಣವಾಯಿತು.

ಕಳೆದ ವರ್ಷದ ಆಷಾಢದಲ್ಲಿ ಧಾರವಾಡದ ಮಳೆ ಬಿಡದೆ ಹಿಡಿದಿದ್ದಾಗ ನಮ್ಮ ಓಣಿಯ ಒಂದು ಬೀದಿಬೆಕ್ಕು ನಾಯಿಗಳ ಬಾಯಿಗೆ ಸಿಕ್ಕಿ ಹೇಗೋ ತಪ್ಪಿಸಿಕೊಂಡು ನಮ್ಮ ಹಿತ್ತಲಿನ ಕಟ್ಟಿಗೆಯ ರಾಶಿಯಲ್ಲಿ ಅಡಗಿತ್ತು. ಬೂದಿಬಣ್ಣದ ಮೇಲೆ ಕಪ್ಪು ಪಟ್ಟೆಗಳಿದ್ದ, ಸುಮಾರು ಒಂದು ವರ್ಷದ ಹೆಣ್ಣು. ಹಿಂಗಾಲಿಗೆ ಆಳವಾದ ಗಾಯವಾಗಿತ್ತು. ಮೊಮ್ಮಗಳ ಒತ್ತಾಯಕ್ಕೆ ಮಗನು ಅದರ ಮೇಲೆ ದಪ್ಪನೆಯ ಬಟ್ಟೆ ಹೊದಿಸಿ, ಬುಟ್ಟಿಯಲ್ಲಿಟ್ಟು ಪಶುವೈದ್ಯರ ಬಳಿಗೆ ಒಯ್ದನು. ಜೊತೆಗೆ ನಾನೂ ಹೋದೆ. ಬೀದಿಯ ಬೆಕ್ಕನ್ನು ಬರಿಗೈಯಿಂದ ಹಿಡಿಯಬಾರದೆಂಬುದನ್ನು ಓದುಗ ಬಂಧುಗಳು ಮರೆಯಬಾರದು. ಹುಚ್ಚುನಾಯಿಯ ರೋಗ ಬೆಕ್ಕಿನಿಂದಲೂ ಬರುತ್ತದೆ. ಅದು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಅರಿಸಿನ ಮೆತ್ತಿ ಕುಳಿತುಕೊಳ್ಳುವ ಕೆಲಸವಲ್ಲ ಇದು.

ವೈದ್ಯರು ಗಾಯವನ್ನು ತೊಳೆದು ಹೊಲಿಗೆ ಹಾಕಿದರು. "ಗುರುಗಳ, ಇದನ್ನ ಈಗ ಮತ್ತ ಓಣಿಗೆ ಬಿಟ್ರ ಉಳಿಯಂಗಿಲ್ಲ. ಎರಡು ತಿಂಗಳರ ಮನಿಯೊಳಗ ಇಟ್ಕೋರಿ," ಎಂದರು. ನೋವಿಗೆಂದು ಮನೆಯಲ್ಲಿರುವ ಜ್ವರದ ಗುಳಿಗೆಯನ್ನು ಕಾಲುಭಾಗ ಕೊಡುವ ರೂಢಿ ಕೆಲವರಲ್ಲಿ ಉಂಟಂತೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗಿಲ್ಲ ಎಂದೂ ಎಚ್ಚರಿಸಿದರು. ನೆಲ ಒರೆಸುವ ಫಿನೈಲಿಗೂ, ಬಟ್ಟೆಯಲ್ಲಿ ಇಡುವ ಡಾಂಬರ ಗುಳಿಗೆಗೂ ಅದೇ ಮಾತು. ನನ್ನ ಪುಸ್ತಕದ ಕಪಾಟುಗಳಲ್ಲಿದ್ದ ಡಾಂಬರ ಗುಳಿಗೆಗಳನ್ನು ಅಂದೇ ತೆಗೆಸಿ, ಹಿಂದೆ ಓಲೆಗರಿಯ ಕಟ್ಟುಗಳ ನಡುವೆ ಇಡುತ್ತಿದ್ದಂತೆ ಒಣಗಿದ ಬೇವಿನ ಎಲೆಗಳನ್ನು ಇಡಿಸಿದೆ.

ಇಡೀ ಮನೆಯನ್ನು ಒಮ್ಮೆಲೇ ಬೆಕ್ಕಿಗೆ ತೆರೆದಿಡಬಾರದು. ಹೊರಗಿನ ಬೆಕ್ಕಿಗೆ ಮನೆಯೆಂದರೆ ಆಶ್ರಯವಲ್ಲ. ಓಡಿಹೋಗುವ ದಾರಿಗಳೆಲ್ಲ ಮುಚ್ಚಿದ ಬೋನು. ಆದುದರಿಂದ ಒಂದೇ ಕೋಣೆಯನ್ನು ಅದಕ್ಕೆ ಬಿಟ್ಟುಕೊಡಬೇಕು. ಎಲ್ಲರಿಗಿಂತ ಕಡಿಮೆ ಸದ್ದು ಮಾಡುವವನು ನಾನೇ ಆದುದರಿಂದ ನನ್ನ ಓದಿನ ಕೋಣೆಯೇ ಗೊತ್ತಾಯಿತು. ಒಂದು ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯನ್ನು ಬಾಯಿ ಗೋಡೆಯ ಕಡೆಗೆ ಬರುವಂತೆ ಇಟ್ಟು, ಒಳಗೆ ಮೊಮ್ಮಗಳ ಹಳೆಯ ಸ್ವೆಟರನ್ನು ಹಾಸಿದೆವು. ಎದುರು ಮೂಲೆಯಲ್ಲಿ ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಉಸುಕು ತುಂಬಿ, ಮೇಲೆ ಹಿತ್ತಲಿನ ಮಣ್ಣನ್ನು ಎರಡು ಹಿಡಿ ಬೆರೆಸಿದೆವು. ಮಣ್ಣಿನಲ್ಲಿ ಕೆದರಿ ಮುಚ್ಚುವುದು ಅದರ ಹುಟ್ಟುಗುಣ. ಪರಿಚಿತವಾದ ಮಣ್ಣಿನ ವಾಸನೆ ಸಿಕ್ಕಿದರೆ ಹೇಳಿಕೊಡಬೇಕಾದ ಅಗತ್ಯವೇ ಬೀಳುವುದಿಲ್ಲ. ಆಹಾರ ನೀರುಗಳನ್ನು ಮಾತ್ರ ಆ ಬೋಗುಣಿಯಿಂದ ದೂರವಿಡಬೇಕು. ಬಚ್ಚಲಿನ ಪಕ್ಕದಲ್ಲಿ ಉಣ್ಣಲು ನಾವು ಹೇಸುವಂತೆ ಅದೂ ಹೇಸುತ್ತದೆ. ಉಸುಕನ್ನು ದಿನಕ್ಕೊಮ್ಮೆಯಾದರೂ ಶುಚಿ ಮಾಡಲೇಬೇಕು. ಬೆಕ್ಕಿನ ಮಲದಲ್ಲಿ ಬರಬಹುದಾದ ಒಂದು ಬಗೆಯ ಪರಾವಲಂಬಿ ಜೀವಿ ಒಂದೆರಡು ದಿನ ಕಳೆದ ಮೇಲೆಯೇ ರೋಗ ಹರಡುವ ಸ್ಥಿತಿಗೆ ಬರುತ್ತದೆಯಂತೆ. ಗರ್ಭಿಣಿಯರು ಈ ಕೆಲಸವನ್ನು ಮಾಡಬಾರದು.

ಮೂರು ದಿನ ಅದು ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ನಾವು ಮಲಗಿದ ಮೇಲೆ ತಿಂದು ಮತ್ತೆ ಒಳಗೆ ಸೇರುತ್ತಿತ್ತು. ಮೊಮ್ಮಗಳು ಬಾಗಿಲಲ್ಲಿ ನಿಂತು, "ಅಜ್ಜಾ, ಅದಕ್ಕ ನಾವು ಸೇರಂಗಿಲ್ಲೇನು?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಸೇರುವುದು ಬಿಡುವುದು ಅನಂತರದ ಮಾತು, ನಾವು ಅದನ್ನು ತಿನ್ನುವವರಲ್ಲವೆಂಬುದು ಮೊದಲು ಅದಕ್ಕೆ ತಿಳಿಯಬೇಕಲ್ಲ ಎಂದೆ. ನಾನು ಮಾಡಿದ್ದು ಇಷ್ಟೆ: ನೆಲದ ಮೇಲೆ ಚಾಪೆ ಹಾಸಿ, ಅದಕ್ಕೆ ಓರೆಯಾಗಿ ಕುಳಿತು, ಕರಡಚ್ಚುಗಳನ್ನು ಮೆಲುದನಿಯಲ್ಲಿ ಓದುತ್ತ ತಿದ್ದಿದೆ. ಬೆಕ್ಕಿನ ಲೋಕದಲ್ಲಿ ದಿಟ್ಟಿಸಿ ನೋಡುವುದೆಂದರೆ ಜಗಳಕ್ಕೆ ಕರೆಯುವುದು. ಅದರ ಕಡೆ ನೋಡಿ ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆದರೆ ಅದೂ ಹಾಗೆಯೇ ಮಾಡುತ್ತದೆ, ಹತ್ತಿರವೂ ಬರುತ್ತದೆ ಎಂದು ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ಪರೀಕ್ಷಿಸಿ ಪ್ರಕಟಿಸಿದ್ದಾರೆ. ಐದನೆಯ ದಿನ ಸಂಜೆ ಅದು ಪೆಟ್ಟಿಗೆಯ ಅಂಚಿನಿಂದ ತಲೆ ಹೊರಗಿಟ್ಟು ನನ್ನತ್ತ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಗಾದೆಯಲ್ಲಿ ಹೀಗಳೆದಿದ್ದೇವೆ. ಆದರೆ ತನಗಿಂತ ಹತ್ತುಪಟ್ಟು ದೊಡ್ಡದಾದ ಪ್ರಾಣಿಯ ಎದುರಿಗೆ ಕಣ್ಣು ಮುಚ್ಚುವುದಕ್ಕೆ ಎಷ್ಟು ಧೈರ್ಯ ಬೇಕು!

ಇನ್ನು ಆಹಾರದ ವಿಷಯ.

ಬೆಕ್ಕೆಂದರೆ ಹಾಲು ಅನ್ನ ಎಂದೇ ನಮ್ಮ ಭಾವನೆ. ವೈದ್ಯರು ಮೊದಲ ದಿನವೇ ಅದನ್ನು ಬೇಡವೆಂದಿದ್ದರು. ತಾಯಿಯ ಮೊಲೆ ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನೊಳಗಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಅನ್ನದಿಂದ ಹೊಟ್ಟೆ ತುಂಬೀತು, ಆದರೆ ಮೈ ಉಳಿಯದು. ಬೆಕ್ಕು ಮನುಷ್ಯನಂತೆ, ನಾಯಿಯಂತೆ ಮಿಶ್ರಾಹಾರಿಯಲ್ಲ. ಟಾರೀನ್ ಎಂಬ ವಸ್ತುವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. 1827ರಲ್ಲಿ ಎತ್ತಿನ ಪಿತ್ತರಸದಲ್ಲಿ ಮೊದಲಿಗೆ ಇದನ್ನು ಕಂಡುಕೊಂಡುದರಿಂದ ವೃಷಭವಾಚಕವಾದ ಲ್ಯಾಟಿನ್ ಪದದಿಂದ ಅದಕ್ಕೆ ಆ ಹೆಸರು ಬಂದಿತು. ಅದು ದೊರೆಯದಿದ್ದರೆ ಬೆಕ್ಕು ಕುರುಡಾಗುತ್ತದೆ ಎಂಬುದು 1975ರಲ್ಲಿಯೂ, ಹೃದಯ ಹಿಗ್ಗಿ ಸಾಯುತ್ತದೆ ಎಂಬುದು 1987ರಲ್ಲಿಯೂ ಖಚಿತವಾಯಿತು. ಧಾನ್ಯ ಕಾಯಿಪಲ್ಲೆಗಳಲ್ಲಿ ಟಾರೀನ್ ಇಲ್ಲವೆನ್ನುವಷ್ಟು ಕಡಿಮೆ. ಗಜ್ಜರಿಯಿಂದ ಎ ಜೀವಸತ್ತ್ವವನ್ನು ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಅಷ್ಟೇಕೆ, ಸಿಹಿಯ ರುಚಿಯೇ ಅದರ ನಾಲಿಗೆಗೆ ತಿಳಿಯದು.

ಇದನ್ನೆಲ್ಲ ನಾನು ಮನೆಯಲ್ಲಿ ವಿವರಿಸಿದಾಗ ನಮ್ಮ ಮನೆಯವರು ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟು, "ನೋಡ್ರಿ, ಬೆಕ್ಕು ಇರ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಮಾಂಸದ ತಿನಸು ಈ ಹೊಸ್ತಲಾ ದಾಟಿ ಒಳಗ ಬರಬಾರ್ದು," ಎಂದರು. ಆ ಮಾತಿನಲ್ಲಿ ಹಟವಿರಲಿಲ್ಲ. ಐವತ್ತು ವರ್ಷ ನಡೆಸಿಕೊಂಡು ಬಂದ ಆಚಾರವಿತ್ತು. ಅಂಥ ಆಚಾರದಲ್ಲೇ ನಾನೂ ಬೆಳೆದವನು. ಈ ವಿಷಯವನ್ನು ನಗೆಯಾಡಿ ತಳ್ಳಿಹಾಕುವ ಇಂದಿನ ಜಾಣರ ಬಗ್ಗೆ ನನಗೆ ಗೌರವವಿಲ್ಲ. ಓಣಿಯ ಹಿರಿಯರೊಬ್ಬರು ಇನ್ನೂ ಮುಂದೆ ಹೋಗಿ, "ಕೊಂದು ತಂದ ಮಾಂಸಾನ ರೊಕ್ಕಾ ಕೊಟ್ಟು ತರೂದಕ್ಕಿಂತ ಬೆಕ್ಕನ್ನ ಬಿಟ್ಟುಬಿಡೂದು ಪುಣ್ಯ," ಎಂದರು.

ನಾನು ಹಲವು ದಿನ ಯೋಚಿಸಿದೆ. ಮಠದ ಪ್ರಸಾದನಿಲಯದಲ್ಲಿ ನಾನು ಓದುತ್ತಿದ್ದಾಗ ಉಗ್ರಾಣದ ಸುತ್ತ ಮೂರು ನಾಲ್ಕು ಬೆಕ್ಕುಗಳು ಸದಾ ಇರುತ್ತಿದ್ದವು. ಅಡಿಗೆಯವರು ಅವಕ್ಕೆ ಮಜ್ಜಿಗೆ ಅನ್ನ ಹಾಕುತ್ತಿದ್ದರು. ಸಾತ್ತ್ವಿಕ ಬೆಕ್ಕುಗಳೆಂದು ಬಂದವರೆಲ್ಲ ಮೆಚ್ಚುತ್ತಿದ್ದರು. ಅವು ದಷ್ಟಪುಷ್ಟವಾಗಿದ್ದುದು ಮಜ್ಜಿಗೆ ಅನ್ನದಿಂದಲ್ಲ, ರಾತ್ರಿ ಜೋಳದ ಚೀಲಗಳ ಸಂದಿಯಲ್ಲಿ ಹಿಡಿಯುತ್ತಿದ್ದ ಇಲಿಗಳಿಂದ. ಧಾನ್ಯ ಉಳಿಯಿತು, ಬೆಕ್ಕೂ ಉಳಿಯಿತು, ನಮ್ಮ ಕಣ್ಣಿಗೆ ಮಾತ್ರ ಏನೂ ಬೀಳಲಿಲ್ಲ. ಮನುಷ್ಯನಿಗೂ ಬೆಕ್ಕಿಗೂ ಬೆಳೆದ ನಂಟೇ ಕಣಜದ್ದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದುದು ದೊರೆತಿದೆ, 2004ರಲ್ಲಿ ಅದರ ವರದಿ ಪ್ರಕಟವಾಯಿತು. ಹೊಲ ಉಳುವವರು ಧಾನ್ಯ ಕೂಡಿಟ್ಟರು, ಧಾನ್ಯಕ್ಕೆ ಇಲಿ ಬಂದಿತು, ಇಲಿಗೆ ಬೆಕ್ಕು ಬಂದಿತು. ಆ ಹಳೆಯ ವ್ಯವಸ್ಥೆಯಲ್ಲಿ ಬೆಕ್ಕಿನ ಅನ್ನದ ಪಾಪಪುಣ್ಯ ನಮ್ಮ ತಲೆಯ ಮೇಲೆ ಬರುತ್ತಿರಲಿಲ್ಲ. ಈಗ ಅದರ ಕ್ಷೇಮಕ್ಕೆಂದೇ ಆಗಲಿ, ಬಾಗಿಲು ಹಾಕಿಕೊಂಡವರು ನಾವು. ಬಾಗಿಲು ಹಾಕಿಕೊಂಡ ಮೇಲೆ ಅದರ ಬೇಟೆಯ ಹೊಣೆಯೂ ನಮ್ಮದಾಯಿತು. ಒಳಗಿಟ್ಟುಕೊಂಡು ಹಾಲು ಅನ್ನವನ್ನಷ್ಟೇ ಹಾಕಿದರೆ ನಮ್ಮ ಕೈ ಶುದ್ಧವಾಗಿರುತ್ತದೆ, ಅದರ ಕಣ್ಣು ಹೋಗುತ್ತದೆ. ಮಾಂಸ ತೊರೆದುದು ನಾವು ತಿಳಿದು ಹಿಡಿದ ನೇಮ. ಬೆಕ್ಕು ಯಾರಿಂದಲೂ ದೀಕ್ಷೆ ಪಡೆದಿಲ್ಲ. ನನ್ನ ನೇಮದ ಬೆಲೆಯನ್ನು ಅದರ ಮೈಯಿಂದ ವಸೂಲು ಮಾಡುವುದು ಯಾವ ಧರ್ಮ? ಒಪ್ಪಿಗೆಯಾಗದವರು ಬೆಕ್ಕನ್ನು ಒಳಗಿಟ್ಟುಕೊಳ್ಳದಿರುವುದೇ ಲೇಸು. ಅವರಿಗೆ ಮೊಲವಿದೆ, ಆಕಳಿದೆ.

ಹಿರಿಯರಿಗೆ ಈ ಮಾತು ಹಿಡಿಸಲಿಲ್ಲ. ನಮ್ಮ ಸ್ನೇಹವೇನೂ ಕೆಡಲಿಲ್ಲ. ಸೊಸೆ ಒಂದು ದಾರಿ ತೋರಿದಳು. "ಅತ್ತ್ಯಾರ, ಡಬ್ಬಿಯೊಳಗ ಒಣಾ ಕಾಳಿನಂಗ ಬರ್ತಾವ. ಅಡಿಗಿ ಮನಿಗೆ ಸಂಬಂಧನ ಇಲ್ಲ, ನಾನ ನೋಡ್ಕೋತೀನಿ," ಎಂದಳು. ಬೆಕ್ಕಿಗೆಂದೇ ಕಾರ್ಖಾನೆಯಲ್ಲಿ ತಯಾರಾಗುವ ಆ ಕಾಳುಗಳಲ್ಲಿ ಟಾರೀನನ್ನು ಅಳೆದು ಸೇರಿಸಿರುತ್ತಾರೆ. ಅದನ್ನು ಕೃತಕವಾಗಿ ಬೆರೆಸಿದ ಶುದ್ಧ ಸಸ್ಯಾಹಾರದ ಕಾಳುಗಳೂ ಬರುತ್ತವೆಯಾದರೂ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ನಮ್ಮ ಬೆಕ್ಕಿಗೆ ವೈದ್ಯರು ಅವನ್ನು ಹೇಳಲಿಲ್ಲ. ಡಬ್ಬಿ, ಚಮಚ, ತಟ್ಟೆ ಎಲ್ಲವೂ ನನ್ನ ಕೋಣೆಯ ಹೊರಗಿನ ಕಟ್ಟೆಯ ಮೇಲೆ, ತೊಳೆಯುವುದು ಹಿತ್ತಲಿನ ನಲ್ಲಿಯಲ್ಲಿ ಎಂದು ಗೊತ್ತಾಯಿತು. ದಿನಕ್ಕೆ ಎರಡು ಹೊತ್ತು, ಒಂದೇ ಸಮಯಕ್ಕೆ ಕೊಡುವುದು. ನಮ್ಮ ತಾಟಿನಲ್ಲಿ ಉಳಿದ ಸಾರು ಪಲ್ಯಗಳನ್ನು ಮಾತ್ರ ಅದಕ್ಕೆ ಹಾಕಲೇಬಾರದು, ಉಳ್ಳಾಗಡ್ಡಿ ಬೆಳ್ಳುಳ್ಳಿ ಅದರ ರಕ್ತವನ್ನು ಕೆಡಿಸುತ್ತವೆ.

ಎರಡು ವಾರ ಕಳೆದ ಮೇಲೆ ಕೋಣೆಯ ಬಾಗಿಲನ್ನು ಸಂಜೆ ಒಂದು ತಾಸು ತೆರೆದಿಡತೊಡಗಿದೆವು. ಅದಕ್ಕೂ ಮೊದಲು ಮನೆಯವರ ಒಂದೊಂದು ಹಳೆಯ ಬಟ್ಟೆಯನ್ನು ಅದರ ಪೆಟ್ಟಿಗೆಯ ಬಳಿ ಇಟ್ಟಿದ್ದೆವು. ಬೆಕ್ಕಿಗೆ ಪರಿಚಯವೆಂದರೆ ಮುಖವಲ್ಲ, ವಾಸನೆ. ಅದು ಬಾಗಿಲ ಚೌಕಟ್ಟಿಗೆ, ಪಡಸಾಲೆಯ ಕಂಬಕ್ಕೆ, ಕೊನೆಗೆ ನನ್ನ ಕಾಲಿಗೆ ಕೆನ್ನೆಯುಜ್ಜಿ ತನ್ನ ಗುರುತು ಹಚ್ಚುತ್ತ ನಡೆಯಿತು. ಉಗುರು ಮಸೆಯಲು ಪುಸ್ತಕಗಳ ಬೆನ್ನನ್ನು ಆರಿಸಿಕೊಂಡೀತೆಂಬ ಭಯದಿಂದ ಮಗನು ಒಂದು ಮರದ ತುಂಡಿಗೆ ಗೋಣಿಚೀಲ ಸುತ್ತಿ ಕಪಾಟಿನ ಮುಂದೆಯೇ ನಿಲ್ಲಿಸಿದನು. ಹೀಗಾಗಿ ನಿಘಂಟುಗಳು ಉಳಿದವು.

ಕಠಿಣವಾದುದು ರಾತ್ರಿ. ಗಾಯ ಮಾಯುತ್ತ ಬಂದಂತೆ ಅದು ಹೊರಗೆ ಹೋಗಬೇಕೆಂದು ಬಾಗಿಲ ಬಳಿ ಕೂಗತೊಡಗಿತು. ಕೂಗಿದಾಗಲೆಲ್ಲ ಎದ್ದು ಹೋಗಿ ಮಾತನಾಡಿಸಿದರೆ ಕೂಗುವುದೇ ಅದಕ್ಕೆ ಅಭ್ಯಾಸವಾಗುತ್ತದೆ. ಬದಲಾಗಿ ಮಲಗುವ ಮುಂಚೆ ಮೊಮ್ಮಗಳು ದಾರಕ್ಕೆ ಬಟ್ಟೆಯ ಚೂರು ಕಟ್ಟಿ ಅರ್ಧ ತಾಸು ಓಡಾಡಿಸುವಳು, ಬೇಟೆ ಮುಗಿದಂತೆ ಭಾಸವಾದ ಮೇಲೆ ಊಟ. ತಿಂದು, ಮೈ ನೆಕ್ಕಿಕೊಂಡು ಮಲಗುತ್ತದೆ. ಕಿಟಕಿಗೆ ಗಟ್ಟಿಯಾದ ಜಾಳಿಗೆ ಹಾಕಿಸಿ, ಅದರ ಕೆಳಗೆ ಮೇಜನ್ನು ಇಟ್ಟೆವು. ಮಾವಿನ ಮರದ ಅಳಿಲುಗಳನ್ನು ನೋಡುತ್ತ ಅಲ್ಲಿ ಗಂಟೆಗಟ್ಟಲೆ ಕುಳಿತಿರುತ್ತದೆ. ಎರಡನೆಯ ತಿಂಗಳಲ್ಲಿ ವೈದ್ಯರು ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ರೇಬೀಸ್ ಚುಚ್ಚುಮದ್ದನ್ನೂ ಮಾಡಿದರು. ಶಸ್ತ್ರಚಿಕಿತ್ಸೆ ಪ್ರಕೃತಿವಿರೋಧವೆಂದು ಕೆಲವರಿಗೆ ಅನಿಸಬಹುದು. ಮತ್ತೆ ಮತ್ತೆ ಹುಟ್ಟುವ ನಾಲ್ಕೈದು ಮರಿಗಳು ಓಣಿಯ ನಾಯಿಗಳಿಗೂ ಗಾಡಿಗಳಿಗೂ ಬಲಿಯಾಗುವುದನ್ನು ನೋಡಿದವರು ಹಾಗೆ ಹೇಳಲಾರರು.

ತಾಯಿಬೆಕ್ಕು ಮರಿಯ ಕುತ್ತಿಗೆ ಕಚ್ಚಿ ಒಯ್ಯುವ ರೀತಿಯನ್ನು ಶ್ರೀವೈಷ್ಣವರು ಮಾರ್ಜಾಲಕಿಶೋರ ನ್ಯಾಯವೆಂದು ಹೇಳುತ್ತಾರೆ. ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಹೊತ್ತೊಯ್ಯುತ್ತಾಳೆ. ವಯಸ್ಸಾದ ಬೀದಿಬೆಕ್ಕಿನಲ್ಲಿ ಆ ನ್ಯಾಯ ನಡೆಯುವುದಿಲ್ಲ. ಎತ್ತಿಕೊಳ್ಳಲು ಹೋದರೆ ಇಂದಿಗೂ ಅದು ಜಾರಿಹೋಗುತ್ತದೆ. ತಾನಾಗಿ ಬಂದರೆ ನನ್ನ ಚಾಪೆಯ ತುದಿಯಲ್ಲಿ, ಒಂದು ಮೊಳ ಅಂತರ ಬಿಟ್ಟು, ಕೂಡುತ್ತದೆ. ಅದರ ಅಳತೆ ಅಷ್ಟು.

ಎರಡು ತಿಂಗಳ ಗಡುವು ಮುಗಿದು ಬಹಳ ಕಾಲವಾಯಿತು. ಮುಂಬಾಗಿಲು ತೆರೆದಾಗ ಹೊಸ್ತಿಲವರೆಗೆ ಹೋಗಿ, ಹೊರಗಿನ ಗಾಳಿಯನ್ನು ಮೂಸಿ ತಿರುಗಿ ಬರುತ್ತದೆ. ಅಡಿಗೆಮನೆಯ ಹೊಸ್ತಿಲನ್ನಂತೂ ಅದು ದಾಟಿಲ್ಲ. ನಮ್ಮ ಮನೆಯವರು ರೊಟ್ಟಿ ಬಡಿಯುವಾಗ ಆಚೆಗೆ ಕುಳಿತು ನೋಡುತ್ತದೆ. ಅವರೂ ಅದರೊಡನೆ ಮಾತನಾಡುತ್ತಿರುತ್ತಾರೆ. ಕಳೆದ ತಿಂಗಳು ಸೊಸೆ ತವರಿಗೆ ಹೋದಾಗ ಕಿರಾಣಿ ಸಾಮಾನಿನ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ತೊಗರಿಬೇಳೆ, ಅವಲಕ್ಕಿ, ಬೆಲ್ಲಗಳ ಕೆಳಗೆ ಅವರ ಅಕ್ಷರದಲ್ಲೇ, 'ಬೆಕ್ಕಿನ ಕಾಳು, ದೊಡ್ಡ ಡಬ್ಬಿ' ಎಂದಿತ್ತು.