ಎಲೆಯ ಸಂದಿ ನೋಡಿ

ಹೈದರಾಬಾದಿನ ರಾಜೇಂದ್ರನಗರದಲ್ಲಿ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಭತ್ತಕ್ಕಿಂತ ಮೊದಲು ಅದರ ಕಳೆ ನೆನಪಾಗುತ್ತದೆ. ಪೈರಿನ ನಡುವೆ ಕಾಡುಸಾವೆ ಜಾತಿಯ ಹುಲ್ಲು ನಿಂತರೆ ಪಳಗಿದ ಕಣ್ಣಿಗೂ ಮೋಸ. ಅದೇ ಎತ್ತರ, ಅದೇ ಹಸಿರು. ತೆನೆ ಬಂದ ಮೇಲೆ ಗುರುತು ಸಿಕ್ಕಿ ಏನು ಬಂತು, ಅಷ್ಟರಲ್ಲಿ ಪೈರಿಗೆ ಹಾಕಿದ ಗೊಬ್ಬರವನ್ನೆಲ್ಲ ಅದು ಉಂಡಿರುತ್ತದೆ.

ಒಂದು ಎಲೆಯನ್ನು ಕಾಂಡದಿಂದ ಮೆಲ್ಲಗೆ ಹೊರಕ್ಕೆ ಬಾಗಿಸಿ, ಸಂದಿಯಲ್ಲಿ ನೋಡಿ. ಭತ್ತವಾದರೆ ಅಲ್ಲಿ ತೆಳು ಬಿಳಿ ಪೊರೆಯ ನಾಲಿಗೆ, ಅದರ ಎರಡೂ ಬದಿಗೆ ರೋಮವಿರುವ ಪುಟ್ಟ ಕಿವಿಗಳು. ಈ ಕಳೆಹುಲ್ಲಿನಲ್ಲಿ ನಾಲಿಗೆಯೂ ಇಲ್ಲ, ಕಿವಿಯೂ ಇಲ್ಲ, ಸಂದಿ ಬೋಳು. ಎಳೆಯ ಪೈರಿನಲ್ಲಿ ಇದಕ್ಕಿಂತ ನಂಬಿಕೆಯ ಗುರುತು ಬೇಕಿಲ್ಲ.

ಗದ್ದೆಯ ಇನ್ನೊಂದು ಕಳೆ ಜೇಕು, ಅದರ ಗುರುತು ಇನ್ನೂ ಸುಲಭ. ಹೂ ಬಿಡುವ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚು ತಾಗುತ್ತವೆ, ಗಿಣ್ಣು ಸಿಗುವುದಿಲ್ಲ. ಮೇಲೆ ಕಿತ್ತರೆ ಮಣ್ಣಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ.

ರಾಯಚೂರು, ಗಂಗಾವತಿ ಕಡೆ ನಾಟಿ ಬಿಟ್ಟು ಕೂರಿಗೆ ಬಿತ್ತನೆ ಮಾಡುವವರಿಗೆ ಈ ಗುರುತುಗಳು ಹೆಚ್ಚು ಬೇಕು, ಅಲ್ಲಿ ಭತ್ತ, ಕಳೆ ಒಟ್ಟಿಗೇ ಮೊಳೆಯುತ್ತವೆ.

ಗುರುತು ತಪ್ಪಿದರೆ ಔಷಧಿಯೂ ತಪ್ಪುತ್ತದೆ; ಬರೀ ಹುಲ್ಲನ್ನು ಕೊಲ್ಲುವ ಔಷಧಿ ಜೇಕಿಗೆ ನಾಟುವುದಿಲ್ಲ. ಹಾಗಾಗಿ ಅಂಗಡಿಗೆ ಹೋಗುವಾಗ ನಿಮ್ಮ ಗದ್ದೆಯ ಕಳೆಯನ್ನು ಬೇರು ಸಮೇತ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ದಯವಿಟ್ಟು.