ಸಗಣಿ ನೋಡಿ ಮೇವು ಹೇಳುತ್ತಿದ್ದ ನಮ್ಮಪ್ಪ

ಜುಂಜಪ್ಪನ ಪದದ ಬಗ್ಗೆ ಬರೆದುಕೊಡು ಅಂತ ಮೇಷ್ಟ್ರು ಹೇಳಿದರು. ಪದ ಹಾಡೋಕೆ ಬರುತ್ತೆ, ಅದರ ಬಗ್ಗೆ ಬರೆಯೋಕೆ ನನಗೆ ಬರಲ್ಲ. ಅದಕ್ಕೇ ದನದ ಮೇವಿನ ಬಗ್ಗೆ ಬರೀತಿದ್ದೀನಿ. ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಓದಿದ್ದು ಅದೊಂದೇ.

ನಮ್ಮ ಹಟ್ಟಿ ಮಡಕಶಿರಾ ಸೀಮೆಯದು, ಅಮರಾಪುರದ ಕಡೆ. ನಾವು ಆಂಧ್ರದವರು, ಗುಡ್ಡದ ಆಚೆ ಮೇಯಿಸುವವರು ಕರ್ನಾಟಕದವರು. 2022ರಲ್ಲಿ ನಮ್ಮ ಜಿಲ್ಲೆಯ ಹೆಸರೂ ಬದಲಾಯಿತು. ದನಕ್ಕೆ ಇದ್ಯಾವುದೂ ಗೊತ್ತಿಲ್ಲ. ಹುಲ್ಲು ಎಲ್ಲಿದೆಯೋ ಅದೇ ಅದರ ರಾಜ್ಯ.

ಅಪ್ಪ ಬೆಳಗ್ಗೆ ರೊಪ್ಪಕ್ಕೆ ಹೋಗಿ, ಕಡ್ಡಿಯಲ್ಲಿ ಸಗಣಿ ಕೆದಕಿ, ನಿನ್ನೆ ದನ ಎಲ್ಲಿ ಮೇಯಿತು ಅಂತ ಹೇಳುತ್ತಿದ್ದ. ನಾನು ಸುಳ್ಳು ಹೇಳುವಂತಿರಲಿಲ್ಲ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗುಡ್ಡ ಹಸಿರಾದರೆ ದನ ಗಿಡದ ಕಡೆ ತಲೆ ಎತ್ತಲ್ಲ, ಗರಿಕೆಗೆ ಮೂತಿ ಹಚ್ಚಿದ್ದು ಹಚ್ಚಿದ್ದೇ. ಎಳೇ ಹುಲ್ಲಲ್ಲಿ ನೀರೇ ಹೆಚ್ಚು, ಸಗಣಿ ತೆಳ್ಳಗಾಗುತ್ತೆ. ಆಗ ಒಂದು ಹೊರೆ ರಾಗಿಹುಲ್ಲು ಹಾಕದೆ ಅಪ್ಪ ರೊಪ್ಪದ ಬಾಗಿಲು ತೆಗೆಯುತ್ತಿರಲಿಲ್ಲ. ಹುಬ್ಬೆ, ಉತ್ತರೆ ಮಳೆ ಚೆನ್ನಾಗಿ ಆದರೆ ದೀಪಾವಳಿ ಹೊತ್ತಿಗೆ ಹಸುವಿನ ಬೆನ್ನು ತುಂಬುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಹುಲ್ಲು ಒಣಗಿ ಕಡ್ಡಿ ಆಗುತ್ತೆ. ಆಗ ದನ ತಲೆ ಎತ್ತಿ ಎಲಚಿ, ಕಾರೆ, ತುಗ್ಗಲಿ ಸೊಪ್ಪಿಗೆ ನಾಲಿಗೆ ಚಾಚುತ್ತೆ. ಮುಳ್ಳಿನ ನಡುವೆ ಎಲೆಯೊಂದನ್ನೇ ಎಳೆದುಕೊಳ್ಳುವುದನ್ನು ನಿಂತು ನೋಡಬೇಕು. ಬೇಸಿಗೆಗೆ ಜಾಲಿಕಾಯಿ. ಅಪ್ಪ ದೋಟಿಯಲ್ಲಿ ಕೊಂಬೆ ಅಲುಗಿಸಿದರೆ ಸಾಕು, ಆ ಸದ್ದಿಗೆ ದನವೆಲ್ಲ ಓಡಿ ಬರುತ್ತಿದ್ದವು. ಬಂದ್ರೆ, ತಂಗಡಿ ಮಾತ್ರ ಯಾವ ಕಾಲಕ್ಕೂ ಮುಟ್ಟುತ್ತಿರಲಿಲ್ಲ. ಬಂದ್ರೆಗೆ ಬಾಯಿ ಹಾಕಿದರೆ ಬರ ಬಂದೇ ಬಂತು ಅನ್ನುತ್ತಿದ್ದ ಅಪ್ಪ.

ನನಗೆ ಹದಿನಾರು ಹದಿನೇಳು ವರ್ಷ ಇದ್ದಾಗ ಒಂದು ಸಲ ಮಳೆ ಕೈಕೊಟ್ಟು ಜೋಳ ಮೊಣಕಾಲುದ್ದಕ್ಕೇ ಬಾಡಿ ನಿಂತಿತ್ತು. ಹುಣಸೆಮರದ ಕೆಳಗೆ ಮುದುಕರೊಬ್ಬರು ಗಣೆ ಊದಿ ಪದ ಹೇಳಿಕೊಡುತ್ತಿದ್ದರು. ನಾನು ಕಣ್ಣು ಮುಚ್ಚಿ ಹಾಡುತ್ತಿದ್ದೆ. ಕಣ್ಣು ತೆರೆದಾಗ ನಮ್ಮ ಕೆಂದಿ ಜೋಳದೊಳಗೆ ನಿಂತಿದ್ದಳು. ಹೊಡೆದು ಆಚೆ ತಂದೆ. ಸ್ವಲ್ಪ ಹೊತ್ತಿಗೆ ಕಾಲು ತಡವರಿಸಿತು, ಜೊಲ್ಲು ಸುರಿಯಿತು, ಬಿದ್ದಳು. ಅಪ್ಪನನ್ನು ಕರೆತರುವಷ್ಟರಲ್ಲಿ ಮುಗಿದಿತ್ತು. ಎಳೇ ಜೋಳದಲ್ಲಿ, ಅದರಲ್ಲೂ ಬಾಡಿದ್ದರಲ್ಲಿ ಸಯನೈಡ್ ವಿಷ ಇರುತ್ತೆ ಅಂತ ಎಷ್ಟೋ ವರ್ಷದ ಮೇಲೆ ದನದ ಡಾಕ್ಟರು ಹೇಳಿದರು. ಅಪ್ಪನಿಗೆ ವಿಷದ ಹೆಸರು ಗೊತ್ತಿರಲಿಲ್ಲ, ನಂಜು ಅಂತ ಗೊತ್ತಿತ್ತು. ನನಗೂ ಹೇಳಿದ್ದ.

ಆ ರಾತ್ರಿ ಅಪ್ಪ ಹೊಡೆಯಲಿಲ್ಲ. "ಪದ ಪೂರಾ ಬಂತೇನ್ಲಾ?" ಅಂದ. ಇಲ್ಲ ಅಂದೆ. "ಹಂಗಾರೆ ನಾಳೆ ಹೋಗಿ ಕಲಿ. ಹಸಾ ಕೊಟ್ಟು ಕೊಂಡಿರೋ ಪದ ಅದು, ಅರ್ಧಕ್ಕೆ ಬಿಡಬ್ಯಾಡ" ಅಂದ. ಈಗಲೂ ನಾಲ್ಕು ಜನ ಕೂತು ಚೆನ್ನಾಗಿ ಹಾಡಿದೆ ಅಂದರೆ ನನಗೆ ಕೆಂದಿ ಬಿದ್ದಿದ್ದೇ ಕಣ್ಣಿಗೆ ಬರುತ್ತೆ.

ಈಗ ನಮ್ಮ ಕಾವಲೆಲ್ಲ ಸೀಮೆಜಾಲಿ. ಅದರ ಕಾಯಿ ಸಿಹಿ, ದನ ಆಸೆಪಟ್ಟು ತಿನ್ನುತ್ತವೆ. ಸ್ವಲ್ಪ ತಿಂದರೆ ಚಿಂತೆ ಇಲ್ಲ, ತಿಂಗಳುಗಟ್ಟಲೆ ಅದೇ ಆದರೆ ಸೊರಗುತ್ತವೆ, ದವಡೆ ಸೊಟ್ಟಗಾಗಿದ್ದನ್ನೂ ನೋಡಿದ್ದೀನಿ. ಬೀಜ ಅರಗದೆ ಸಗಣಿಯಲ್ಲಿ ಬಿದ್ದು ಅಲ್ಲೇ ಮೊಳೆಯುತ್ತೆ. ನಮ್ಮ ಹುಲ್ಲುಗಾವಲನ್ನು ನಮ್ಮ ದನವೇ ಮುಳ್ಳು ಮಾಡಿದವು ಅಂದರೂ ತಪ್ಪಲ್ಲ. ಆ ಗಿಡ ತಂದು ನೆಟ್ಟವರು ಮಾತ್ರ ದನ ಅಲ್ಲ.

ಮಗ ಸೀಮೆಹಸು ಕಟ್ಟಿದ್ದಾನೆ. ಚೀಲದ ಬೂಸ, ಹೊತ್ತಿಗೆ ಸರಿಯಾಗಿ ಹಾಲು. ಅವನ ಲೆಕ್ಕ ಅವನದು, ಮನೆ ನಡೆಯುತ್ತಿರುವುದೂ ಅದರಿಂದಲೇ. ಉಳಿದ ಎರಡು ನಾಟಿ ಹಸು ನನ್ನವು. ಮೊನ್ನೆ ರೊಪ್ಪದಲ್ಲಿ ಸಗಣಿ ಕೆದಕಿ ನೋಡಿದೆ, ಬರೀ ಸೀಮೆಜಾಲಿ ಬೀಜ. ಮಗ ಹಿಂದೆ ನಿಂತು, "ಅಪ್ಪಾ, ಇವನ್ನೆರಡೂ ಮಾರಿಬಿಡಾನ" ಅಂದ. "ಈಗ ಮೂಳೆ ಕಾಣ್ತಾವೆ, ಬೆಲೆ ಬರಲ್ಲ. ಮಳೆ ಬಂದು ಮೈ ತುಂಬಲಿ, ಆಮೇಲೆ ನೋಡಾನ" ಅಂದೆ.

ಹೋದ ವರ್ಷವೂ ಹಿಂಗೇ ಅಂದಿದ್ದೆ.